ಕ್ರಮಸಂಖ್ಯೆಯಂತೆ ಕಾಯಿಲೆ ಬೀಳುವ ಬಗ್ಗೆ

ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ತರಿಸಿದ ಹೊಸ ಕಂಪ್ಯೂಟರ್ ಡಿಸ್ಕು ಸೆಕೆಂಡಿಗೆ ನಲವತ್ತು ಸಾವಿರ ರೋಗಿಗಳ ಕಡತ ಓದುತ್ತದೆ ಎಂಬುದು ಅಧಿಕೃತ ಪರೀಕ್ಷೆಯಲ್ಲಿ ಸಾಬೀತಾದ ಸಂಗತಿ. ವಿಭಾಗದ ಪರೀಕ್ಷಕ ಒಂದನೇ ಕಡತದಿಂದ ಹಿಡಿದು ಕೊನೆಯದರವರೆಗೆ ಸಾಲಾಗಿ ಓದಿಸಿದ್ದ. ಡಿಸ್ಕು ನೀರು ಕುಡಿದಷ್ಟು ಸಲೀಸಾಗಿ ಓದಿ ಮುಗಿಸಿತ್ತು.

ಕೌಂಟರು ತೆರೆದ ಮೇಲೆ ಗೊತ್ತಾಯಿತು, ರೋಗಿಗಳು ಸಾಲಾಗಿ ಬರುವುದಿಲ್ಲ. ಅರವತ್ತು ಸಾವಿರನೇ ಕಡತದವಳು ಕೆಮ್ಮುತ್ತಾ ಬಂದರೆ ಅವಳ ಹಿಂದೆಯೇ ಮುನ್ನೂರ ಹತ್ತನೆಯವನು ಬೆರಳು ಕೊಯ್ದುಕೊಂಡು ಬಂದ. ಹತ್ತು ಕೌಂಟರುಗಳು ಹತ್ತು ದಿಕ್ಕಿನ ಕಡತ ಕೇಳಿದವು. ಡಿಸ್ಕು ಅತ್ತಿತ್ತ ಓಡಾಡಿ ಸುಸ್ತಾಗಿ ಕೂತುಬಿಟ್ಟಿತು.

ಪರೀಕ್ಷಕ ಪ್ರಾಮಾಣಿಕ ಮನುಷ್ಯ. ಪರೀಕ್ಷೆಯೇ ತಪ್ಪು, ಕೌಂಟರಿಗೆ ಜನ ಹೇಗೆ ಬರುತ್ತಾರೋ ಹಾಗೆಯೇ ಡಿಸ್ಕನ್ನು ಅಳೆಯಬೇಕಿತ್ತು ಎಂದು ವರದಿ ಬರೆದುಕೊಟ್ಟ. ರೋಗಿಗಳು ಸಂಖ್ಯೆಯ ಕ್ರಮದಲ್ಲಿ ಬಂದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ ಎಂದು ಕೊನೆಗೊಂದು ಸಾಲನ್ನೂ ಸೇರಿಸಿದ. ಬಾಮೈದನ ಅಂಗಡಿಯಿಂದ ಆ ಡಿಸ್ಕು ಕೊಂಡಿದ್ದ ಅಧೀಕ್ಷಕರು ಅದೊಂದು ಸಾಲಿನ ಕೆಳಗೆ ಗೆರೆ ಎಳೆದು, 'ಒಪ್ಪಿದೆ' ಎಂದು ಸಹಿ ಹಾಕಿದರು.

ಮರುದಿನ ಸುತ್ತೋಲೆ ಹೊರಟಿತು. "ಸಾರ್ವಜನಿಕರು ತಮ್ಮ ಕಡತ ಸಂಖ್ಯೆಯ ಕ್ರಮದಲ್ಲಿ, ದಿನಕ್ಕೆ ಮುನ್ನೂರರಂತೆ, ಅಸ್ವಸ್ಥರಾಗತಕ್ಕದ್ದು. ಸರದಿಗೆ ಮುಂಚೆ ಉಂಟಾಗುವ ನೋವನ್ನು ಮಾನ್ಯ ಮಾಡಲಾಗುವುದಿಲ್ಲ. ಸರದಿಯ ದಿನ ಆರೋಗ್ಯವಾಗಿರುವವರು ಖುದ್ದಾಗಿ ಹಾಜರಾಗಿ ಕಾರಣ ತಿಳಿಸತಕ್ಕದ್ದು."

ಡಿಸ್ಕು ಮತ್ತೆ ಓಡತೊಡಗಿತು. ಎಲ್ಲರೂ ಪರೀಕ್ಷಕನ ಬೆನ್ನು ತಟ್ಟಿದರು.

ನಲವತ್ತೊಂದನೇ ದಿನ ಬೆಳಿಗ್ಗೆ ಅವನ ಅಕ್ಕನಿಗೆ ಕಿಡ್ನಿ ಕಲ್ಲಿನ ನೋವು ಶುರುವಾಯಿತು. ತಾಯಿ ಸತ್ತ ಮೇಲೆ ಅವನನ್ನು ಸಾಕಿ ಓದಿಸಿದವಳು ಅಡುಗೆಮನೆ ನೆಲದ ಮೇಲೆ ಮುದುಡಿ ಬಿದ್ದಿದ್ದಳು. ಅವಳ ಸಂಖ್ಯೆ ಎಪ್ಪತ್ತೊಂದು ಸಾವಿರದ ನಾನೂರ ಎಂಟು.

"ಇನ್ನೂ ನೂರ ತೊಂಬತ್ತೆಂಟು ದಿನ ಇದೆ ಅಕ್ಕ," ಅಂದ.

"ನಿನ್ನ ಡಿಸ್ಕಿಗೆ ಓಡಾಡೋಕೆ ಕಷ್ಟ ಅಂತ ನಾನಿಲ್ಲಿ ಹೊರಳಾಡಬೇಕೇನೋ?"

ಅವನು ಅಧೀಕ್ಷಕರ ಬಳಿ ಓಡಿದ. ಸ್ವಂತ ವರದಿಗೆ ತಾನೇ ಬೆಲೆ ಕೊಡದಿದ್ದರೆ ಬೇರೆ ಯಾರು ಕೊಡುತ್ತಾರೆ ಎಂದು ಅವರು ಬೇಸರಪಟ್ಟರು. ಹೊರಗಿನ ಸಾಲಿನಲ್ಲಿ ಹನ್ನೆರಡು ಸಾವಿರದ ಮೂವತ್ತೊಂದನೆಯವನಾದ ಒಬ್ಬ ದರ್ಜಿ, ತಾನು ಯಾಕೆ ಚೆನ್ನಾಗಿದ್ದೇನೆ ಎಂದು ವಿವರಿಸುವ ಪತ್ರ ಹಿಡಿದು ನಿಂತಿದ್ದ. ಪರೀಕ್ಷಕ ಕೇಳಿದ್ದೇ ತಡ, ಸರದಿ ಚೀಟಿ ಬಿಟ್ಟುಕೊಟ್ಟು ಮನೆಗೆ ಹೋದ.

ಅಕ್ಕನನ್ನು ಮಲಗಿಸಿದರು. ಡಾಕ್ಟರು ದರ್ಜಿಯ ಕಡತ ತೆರೆದರು. ಎಡಗಾಲಿನ ಮೂಳೆ ಮುರಿತ.

"ಕಾಲಲ್ಲ ಡಾಕ್ಟ್ರೇ, ಹೊಟ್ಟೆ," ಅಂದಳು ಅಕ್ಕ.

"ಈ ಕಡತದಲ್ಲಿ ಹೊಟ್ಟೆ ಇಲ್ಲಮ್ಮ," ಡಾಕ್ಟರು ಸಮಾಧಾನವಾಗಿ ಹೇಳಿದರು. "ಹೊಟ್ಟೆ ಇರೋ ಕಡತ ಇನ್ನೂ ತುಂಬಾ ಮುಂದಿದೆ. ಅಲ್ಲಿಗೆ ಹೋಗಿ ವಾಪಸ್ ಬರೋಷ್ಟರಲ್ಲಿ ಹಿಂದಿನವರೆಲ್ಲ ನಿಂತುಬಿಡ್ತಾರೆ. ಬೇಕಾದ್ರೆ ನಿಮ್ಮ ತಮ್ಮನ್ನೇ ಕೇಳಿ."

ಅಕ್ಕ ತಮ್ಮನ ಮುಖ ನೋಡಿದಳು. ನಲವತ್ತೊಂದು ದಿನದಲ್ಲಿ ಡಿಸ್ಕು ಒಮ್ಮೆಯೂ ಹಿಂದೆ ಮುಂದೆ ಓಡಿರಲಿಲ್ಲ. ಅಂಥ ಅಂಕಿ ಅವನ ಕೆಲಸದ ಇಡೀ ಅವಧಿಯಲ್ಲಿ ಬಂದಿರಲಿಲ್ಲ. ಡಾಕ್ಟರು ಎಡಗಾಲಿಗೆ ಹಾಕಿದ ಪ್ಲಾಸ್ಟರ್ ಪಟ್ಟಿ ಒಣಗುವವರೆಗೆ ಅವನು ಅಕ್ಕನ ಕಾಲು ಅಲುಗಾಡದಂತೆ ಹಿಡಿದುಕೊಂಡ.

ಸಂಜೆ ಅಕ್ಕಪಕ್ಕದವರೆಲ್ಲ ನೋಡಲು ಬಂದರು. ಸರದಿಗಿಂತ ಅಷ್ಟು ಮುಂಚೆ ಚಿಕಿತ್ಸೆ ಪಡೆದವರನ್ನು ಆ ಬೀದಿ ಕಂಡಿರಲಿಲ್ಲ. ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಎದುರುಮನೆಯವಳು ಪರೀಕ್ಷಕನನ್ನು ಪಕ್ಕಕ್ಕೆ ಕರೆದಳು.

"ನಮ್ಮತ್ತೆಗೆ ಎದೆನೋವು ಕಣಪ್ಪ. ಅವರಿಗೂ ಒಂದು ಹಾಕಿಸ್ಕೊಡು. ಯಾವ ಕಾಲಾದ್ರೂ ಪರವಾಗಿಲ್ಲ."

ಅವನು ನಿಯಮ ಹೇಳಲು ಹೋದ. ಅಕ್ಕ ಹೊಟ್ಟೆ ಒತ್ತಿ ಹಿಡಿದುಕೊಂಡೇ ಹಾಸಿಗೆಯಿಂದ ಗದರಿದಳು.

"ಹಾಕಿಸ್ಕೊಡೋ. ಪಾಪ, ವಯಸ್ಸಾದವರು ಎಷ್ಟು ದಿನ ಅಂತ ಕಾಯ್ತಾರೆ."