ಇಪ್ಪತ್ತಮೂರು ಆಫೀಸಿನ ಮುಯ್ಯಾಳು

ಕಾರ್ತಿಕ ಮುಗಿಯುತ್ತ ಬಂದಿತ್ತು. ಇಬ್ಬನಿಗೆ ನೆಂದ ರಾಗಿ ಕುಡುಗೋಲಿಗೆ ಮೆತ್ತಗೆ ಸಿಗುತ್ತಿತ್ತು. ಬಿಸಿಲೇರುವುದರೊಳಗೆ ಆದಷ್ಟು ಮುಗಿಸಬೇಕೆಂದು ಬಗ್ಗಿದ ದ್ಯಾವಮ್ಮ ತಲೆ ಎತ್ತಿರಲಿಲ್ಲ. ಪಕ್ಕದಲ್ಲಿ ಮಗಳು ಸಿಂಚನ. ಬಿ.ಎಸ್ಸಿ. ಮುಗಿದು ಎರಡು ವರ್ಷವಾಗಿತ್ತು. ನೂರಾ ಹನ್ನೆರಡು ಅರ್ಜಿ ಹಾಕಿದ್ದಳು. ಬಂದ ಉತ್ತರಗಳಲ್ಲೆಲ್ಲ ಒಂದೇ ಪ್ರಶ್ನೆ: ಅನುಭವವೆಷ್ಟು? ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಎಂದು ಸಿಟ್ಟಾಗುವುದಕ್ಕೂ ಈಗ ಅವಳಿಗೆ ಬೇಸರ.

"ರಾಗಿ ಕೊಯ್ದು ಮೆದೆ ಒಟ್ಟೋದ್ರೊಳಗೆ ಕೆಲ್ಸ ಸಿಗ್ಲಿಲ್ಲ ಅಂದ್ರೆ ಗಾರ್ಮೆಂಟ್ಸ್ ವ್ಯಾನು ಹತ್ತು" ಎಂದು ಅವ್ವ ಹೇಳಿ ವಾರವಾಗಿತ್ತು. ಬೆಳಿಗ್ಗೆ ಆರಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವ ಆ ವ್ಯಾನಿನ ಹಾರನ್ನು ಕೇಳಿದರೇ ಅವಳು ಕಂಬಳಿ ಮುಸುಕೆಳೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಬದುವಿನ ಮೇಲೆ ಬೋರಲಿಂಗಯ್ಯನ ಗಾಡಿ ಬಂತು. ದ್ಯಾವಮ್ಮನ ಅಣ್ಣ, ಸುಟ್ಟುಹೋದ ಪಂಪ್‌ಸೆಟ್ಟು ಮೋಟಾರಿಗೆ ಹೊಸ ಕಾಯಿಲ್ ಸುತ್ತುವುದು ಅವನ ಕಸುಬು, ಯಂತ್ರ ಕಂಡುಹಿಡಿಯುವುದು ರೋಗ. ಹೋದ ವರ್ಷ ಅವನು ಮಾಡಿದ್ದ ಕಾಗೆ ಓಡಿಸುವ ಯಂತ್ರಕ್ಕೆ ಪಕ್ಕದ ತಾಲ್ಲೂಕಿನ ಕಾಗೆಗಳೂ ಬಂದು ಸೇರಿದ್ದವು!

"ಮಗ, ಇನ್ ಮ್ಯಾಲೆ ನೀನು ಅರ್ಜಿ ಬರೆಯಂಗಿಲ್ಲ!" ಹಾಲಿನ ಕ್ಯಾನಿಗೆ ಎರಡು ಹಳೆ ಮೊಬೈಲು, ಒಂದು ಸ್ಟಾರ್ಟರ್ ಡಬ್ಬಿ ಬಿಗಿದಿದ್ದ ಯಂತ್ರವನ್ನು ಅವನು ಕೂಸಿನ ಹಾಗೆ ಇಳಿಸಿದ. "ಎಲ್ಲೆಲ್ಲಿ ಆಳು ಬೇಕೋ ತಾನೇ ಹುಡುಕ್ತದೆ, ತಾನೇ ಬರೀತದೆ, ತಾನೇ ಮಾತಾಡಿ ಒಪ್ಪಿಸ್ತದೆ!"

"ಕಾಗೆ ಬಂದಂಗೆ ಬಂದಾವು" ಎಂದಳು ದ್ಯಾವಮ್ಮ, ತಲೆ ಎತ್ತದೆ.

"ಸುಮ್ಕಿರಮ್ಮಿ! ಕೆಲ್ಸ ಅಂದ್ರೇನು ಅಂತ ಕಲೀಲಿ ಅಂತ ಇದನ್ನ ಒಂದು ತಿಂಗ್ಳು ನಿನ್ನ ಜಗಲಿ ಮ್ಯಾಲೇ ಮಡಗಿರಲಿಲ್ವಾ!"

ಗುಂಡಿ ಒತ್ತಿದ. ಕ್ಯಾನು ಗುರುಗುಟ್ಟಿ, ನಡುಗಿ, ಕೆಂಪು ದೀಪ ಹಚ್ಚಿಕೊಂಡಿತು. ಸಂಜೆಯ ಹೊತ್ತಿಗೆ ಮೊಬೈಲಿನ ಮೇಲೆ ಮೂಡಿತು: ಇಪ್ಪತ್ತಮೂರು ಕಡೆ ಒಪ್ಪಿಗೆ! ಸಿಂಚನ ಮೂರು ಸಲ ಓದಿಕೊಂಡಳು. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಸರಿಯಾಗಿ ಹಸಿವಾಯಿತು.

ಮರುದಿನ ಹೊಲಕ್ಕೆ ಒಂದು ಕಾರು ಬಂತು. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹೆಂಗಸೊಬ್ಬಳು ಇಳಿದು, "ನಾನು ಅನುಪಮಾ, ಕಂಪನಿಯಲ್ಲಿ ಮ್ಯಾನೇಜರು. ಕುಡುಗೋಲು ಇಲ್ಲೇ ಕೊಡ್ತೀರಾ, ನಾವೇ ತರಬೇಕಿತ್ತಾ?" ಎಂದಳು.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಆಕೆ ಫೋನಿನಲ್ಲಿ ಬಂದಿದ್ದ ಮಾತನ್ನು ಕೇಳಿಸಿದಳು. ಥೇಟ್ ದ್ಯಾವಮ್ಮನದೇ ದನಿ: "ನಾಳಿಕ್ಕೆ ನಿಮ್ಮೋರು ಒಬ್ರು ನಮ್ಮ ರಾಗಿಗೆ ಬನ್ನಿ. ಆಮ್ಯಾಕೆ ನಮ್ಮ ಹುಡ್ಗಿ ಒಂದಿನ ನಿಮ್ಮಲ್ಲಿಗೆ ಬತ್ತಾಳೆ. ಕೂಲಿ ಗೀಲಿ ಇಲ್ಲ, ಊಟ ಹಾಕ್ತೀವಿ."

"ಮುಯ್ಯಾಳು!" ಎಂದು ದ್ಯಾವಮ್ಮ ಹಣೆ ಬಡಿದುಕೊಂಡಳು. ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ತಿಂಗಳಿಡೀ ಜಗಲಿಯಲ್ಲಿ ಕೂತು ಅವಳು ಊರವರೊಂದಿಗೆ ಗೊತ್ತುಮಾಡುತ್ತಿದ್ದುದು ಅದನ್ನೇ. ಕೆಲಸವೆಂದರೆ ಅದೊಂದೇ ಎಂದು ಕ್ಯಾನು ಕಲಿತುಬಿಟ್ಟಿತ್ತು.

"ನೀವು ಒಪ್ಕೊಂಡ್ರಾ ಮೇಡಂ?" ಎಂದಳು ಸಿಂಚನ.

"ನಾನೆಲ್ಲಿ ಒಪ್ಕೊಂಡೆ? ಅರ್ಜಿ ನೋಡೋದು ನಮ್ಮಲ್ಲೂ ಯಂತ್ರಾನೇ. ಅದು ಹೂಂ ಅಂದ್ಮೇಲೆ ಮುಗೀತು. ನಾನು ಬರದೇ ಇದ್ರೆ ನನ್ನ ರಜೆ ಕಟ್ಟಾಗತ್ತೆ."

ಮಾರನೆಯ ದಿನ ಆರು ಜನ ಬಂದರು. ಮೂರನೆಯ ದಿನ ಹದಿನಾರು ಜನ, ಬಸ್ಸು ಮಾಡಿಕೊಂಡೇ! ಒಬ್ಬ ಬದುವಿನ ಹುಲ್ಲನ್ನೆಲ್ಲ ರಾಗಿಯೆಂದು ಕೊಯ್ದು ಶಭಾಷ್ ಎನ್ನಿಸಿಕೊಳ್ಳಲು ಕಾದು ನಿಂತ. ಇನ್ನೊಬ್ಬ ಹಗ್ಗ ಸಾಲದೆ ಕೊರಳ ಟೈ ಬಿಚ್ಚಿ ಕಂತೆ ಕಟ್ಟಿದ. ನಾಲ್ವರು ಸಾಲಿನ ನಡುವೆ ನಿಂತು, ಮುಂದಿನ ಸಾಲು ಹೇಗೆ ಕೊಯ್ಯಬೇಕೆಂದು ಮಧ್ಯಾಹ್ನದವರೆಗೆ ಸಭೆ ನಡೆಸಿದರು. ಬೋರಲಿಂಗಯ್ಯ ಓಡಿಬಂದು ಕ್ಯಾನಿನ ವೈರು ಕಿತ್ತ. ಅದು ಅವನ ಗಾಡಿಯ ಬ್ಯಾಟರಿಗೆ ತಾನೇ ಅಂಟಿಕೊಂಡು ಗುರುಗುಟ್ಟಿತು!

ಹದಿನೈದು ದಿನದ ಕೊಯ್ಲು ಮೂರೇ ದಿನಕ್ಕೆ ಮುಗಿದುಹೋಯಿತು. ಮೆದೆ ಎದ್ದು ನಿಂತಿತು. ಅದನ್ನು ಕಂಡು ಊರೆಲ್ಲ ಸಂತೋಷಪಟ್ಟರೂ ಸಿಂಚನ ಮಾತ್ರ ಅದಕ್ಕೆ ಬೆನ್ನು ಹಾಕಿ ನಿಂತಳು. ಅವ್ವ ಕೊಟ್ಟ ಗಡುವು ಹನ್ನೆರಡು ದಿನ ಮೊದಲೇ ಬಂದಿತ್ತು.

"ವ್ಯಾನು ಆಮ್ಯಾಕೆ ನೋಡನ. ಮೊದ್ಲು ಮುಯ್ಯಿ ತೀರ್ಸು" ಎಂದಳು ದ್ಯಾವಮ್ಮ. "ಆಳು ಬಾಕಿ ಉಳಿಸ್ಕೊಂಡೋರ ಹೊಲಕ್ಕೆ ಬರೋ ವರ್ಷ ಯಾರವ್ವ ಬತ್ತಾರೆ?"

ದಿನಾ ಮೊದಲ ಬಸ್ಸು, ದಿನಾ ಹೊಸ ಆಫೀಸು. ಅನುಪಮಾ ಮೇಡಂ ಇಡೀ ದಿನ ಹಳೆಯ ಕಡತ ಜೋಡಿಸಲು ಹಚ್ಚಿ, ಊಟ ಹಾಕಿಸಿ, "ಚೆನ್ನಾಗಿ ಮಾಡ್ತೀಯಮ್ಮ. ಆದ್ರೆ ಜಾಗ ಖಾಲಿ ಇಲ್ಲ" ಎಂದು ಒಂದು ಅನುಭವ ಪತ್ರ ಕೊಟ್ಟರು. ಮಿಕ್ಕವರೂ ಹಾಗೇ. ಇಪ್ಪತ್ತಮೂರನೆಯ ಸಂಜೆ, ಕಾಲು ಊದಿಕೊಂಡು ಬಂದವಳು ಇಪ್ಪತ್ತಮೂರು ಪತ್ರಗಳನ್ನೂ ಕ್ಯಾನಿನ ಮುಂದೆ ಹರಡಿದಳು. ಈಗ ಅನುಭವ ಇತ್ತಲ್ಲ! ಕ್ಯಾನು ಇನ್ನೊಂದೇ ಒಂದು ಅರ್ಜಿ ಹಾಕಿತು. ನಿಮಿಷದಲ್ಲಿ ಉತ್ತರ:

'ಇಪ್ಪತ್ತಮೂರು ದಿನಕ್ಕೆ ಇಪ್ಪತ್ತಮೂರು ಕೆಲಸ ಬಿಟ್ಟವರನ್ನು ನಾವು ತೆಗೆದುಕೊಳ್ಳುವುದಿಲ್ಲ.'

ಸಿಂಚನ ಪತ್ರಗಳನ್ನೆಲ್ಲ ಮಡಚಿಟ್ಟಳು. ಗೋಡೆಗೊರಗಿ ಕೂತಳು.

"ನಾಳಿಂದ ವ್ಯಾನಾ, ಅವ್ವ?"

ದ್ಯಾವಮ್ಮ ಬಾಯಿ ತೆರೆಯುವುದರೊಳಗೆ ಅವಳದೇ ದನಿ ಕ್ಯಾನಿನಿಂದ ಬಂತು. ಸುಟ್ಟ ವಾಸನೆಯೂ ಬಂತು.

"ಯಾವ ವ್ಯಾನು? ಇಪ್ಪತ್ತಾರು ದಿನ ನಿಂಗೋಸ್ಕರ ಗೇದಿವ್ನಿ. ನನ್ನ ಮುಯ್ಯಿ ಯಾರು ತೀರಿಸ್ತಾರೆ? ಕಾಯಿಲ್ ಸುಟ್ಟೋಗೈತೆ. ನಾಳಿಂದ ನಿಮ್ಮ ಮಾವನ ಅಂಗಡಿಗೆ ಬಂದು ಸುತ್ತು."

"ಅಂಗಡೀಲಿ ಸುಟ್ಟ ಮೋಟ್ರುಗಳೂ ಹದಿನೆಂಟು ಬಿದ್ದಾವೆ ಮಗ" ಎಂದ ಬಾಗಿಲಲ್ಲಿ ನಿಂತಿದ್ದ ಬೋರಲಿಂಗಯ್ಯ, ನೆಲ ನೋಡುತ್ತ. "ಯಂತ್ರ ಮಾಡ್ಕಂಡು ಕೂತೆ. ಅವನ್ನ ಸುತ್ತಿದ್ರೆ ಕೂಲಿ ಕೊಡ್ತೀನಿ."

ಸಿಂಚನ ಮಾವನನ್ನು ನೋಡಿದಳು, ಕ್ಯಾನನ್ನು ನೋಡಿದಳು. ಅಭ್ಯಾಸಬಲದಿಂದ ಕೇಳಿದಳು:

"ಅನುಭವ ಎಷ್ಟಿರಬೇಕು?"

"ಅದೇನೂ ಬ್ಯಾಡ ಕಣವ್ವ" ಎಂದಿತು ಕ್ಯಾನು. "ಬುತ್ತಿ ಮಾತ್ರ ನೀನೇ ತಂದ್ಕೊ. ನಾನು ಉಣ್ಣಾಕಿಲ್ಲ."