ಮಾವನ ಕಾರಿನ ಬಣ್ಣದ ನಂಬರು

ಕೆಲವರಿಗೆ ಇಸ್ಪೀಟು, ಕೆಲವರಿಗೆ ಕ್ರಿಕೆಟ್ಟು. ನನಗೆ ಹಳೇ ಸ್ಪೋರ್ಟ್ಸ್ ಕಾರುಗಳ ಚಾಸಿ ನಂಬರು. ಕಾರಲ್ಲ ಸ್ವಾಮಿ, ನಂಬರು! ಕಾರು ಕೊಳ್ಳುವ ಯೋಗ ನನಗಿಲ್ಲ. ದೊಡ್ಡಬಳ್ಳಾಪುರದ ಕಾಲೇಜಿಗೆ ಕಾಮರ್ಸ್ ಪಾಠ ಹೇಳಲು ನಾನು ಹೋಗುವುದು ಸ್ಕೂಟರಿನಲ್ಲಿ, ಅದೂ ಇಳಿಜಾರಿನಲ್ಲಿ ಮಾತ್ರ ಹುಮ್ಮಸ್ಸು ತೋರಿಸುವಂಥದ್ದು. ಆದರೆ ಹಳೆಯ ಕಾರಿನ ಬಾನೆಟ್ಟಿನೊಳಗೆ ಒಂದು ಸಣ್ಣ ತಗಡಿರುತ್ತದೆ ನೋಡಿ, ಅದರ ಮೇಲೆ ಒಂದಷ್ಟು ಅಕ್ಷರ, ಒಂದಷ್ಟು ಅಂಕಿ. ನಿಮಗೆ ಅದು ಬರೀ ತಗಡು. ನನಗೆ ಜಾತಕ! ಈ ಅಕ್ಷರ ಇದ್ದರೆ ಎಂಜಿನ್ ಇಂಥದ್ದು, ಆ ಅಕ್ಷರ ಇದ್ದರೆ ಸ್ಟೇರಿಂಗ್ ಬಲಗಡೆ, ಈ ಅಂಕಿ ಇದ್ದರೆ ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಇಂಥದ್ದು, ಆ ಅಂಕಿ ಇದ್ದರೆ ಮೊದಲು ಕೊಂಡ ಪುಣ್ಯಾತ್ಮ ಹೀಟರ್ ಬೇಕೇ ಬೇಕು ಅಂತ ಹಠ ಹಿಡಿದಿದ್ದ. ಎಲ್ಲಾ ಅಲ್ಲೇ ಕೂತಿರುತ್ತದೆ. ಇಂಟರ್ನೆಟ್ಟಿನಲ್ಲಿ ಇದಕ್ಕೆಲ್ಲಾ ಪಟ್ಟಿಗಳಿವೆ. ನಾನು ಅವನ್ನು ನೋಡುತ್ತಾ ಕೂತರೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ. ಒಮ್ಮೆ ಹೊಸಕೋಟೆಯ ಮದುವೆಯೊಂದಕ್ಕೆ ಹೋದವನು, ಛತ್ರದ ಹೊರಗೆ ನಿಂತಿದ್ದ ಹಳೇ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತುಬಿಟ್ಟೆ. ತಲೆ ಹೊರಗೆ ತೆಗೆಯುವಷ್ಟರಲ್ಲಿ ಧಾರೆ ಮುಗಿದು, ಊಟದ ಕೊನೇ ಪಂಕ್ತಿಯೂ ಎದ್ದಿತ್ತು. ಆ ಕಾರಿನ ಡ್ರೈವರ್ ನನ್ನನ್ನು ಮೆಕ್ಯಾನಿಕ್ ಅಂದುಕೊಂಡು, "ಅಣ್ಣ, ಹಾರನ್ನೂ ಸ್ವಲ್ಪ ನೋಡ್ಬಿಡಿ" ಅಂದ. ನೋಡಿಕೊಟ್ಟು ಬಂದೆ.

ಇಂಥ ನನಗೆ, ಹೆಂಡತಿಯ ತವರಿನಲ್ಲೇ, ಕುಂದಾಣದ ದ್ರಾಕ್ಷಿ ತೋಟದ ಶೆಡ್ಡಿನಲ್ಲೇ ಒಂದು ಸ್ಪೋರ್ಟ್ಸ್ ಕಾರು ಸಿಕ್ಕಿದೆ ಅಂದರೆ ನನ್ನ ಅದೃಷ್ಟ ನೋಡಿ! ಇಂಗ್ಲೆಂಡಿನಲ್ಲಿ ತಯಾರಾದದ್ದು, ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ನಿಮ್ಮಲ್ಲಿ ಯಾರಾದರೂ ಕುಂದಾಣದ ಬಸ್ಸು ಹತ್ತಿಬಿಡುತ್ತೀರಿ. ತೀರಿಹೋದ ನಮ್ಮ ಮಾವನವರು ಅದನ್ನು ಬೆಂಗಳೂರು ಬಿಟ್ಟು ಹೊರಟಿದ್ದ ಯಾರೋ ಎಂಜಿನಿಯರ್ ಹತ್ತಿರ ಕೊಂಡಿದ್ದರಂತೆ. ಅತ್ತೆ ಆ ಶೆಡ್ಡಿಗೆ ಬೀಗ ಹಾಕಿಟ್ಟಿದ್ದರಿಂದ ಇಷ್ಟು ದಿನ ಅದರ ಬಾನೆಟ್ಟು ಎತ್ತುವ ಭಾಗ್ಯ ನನಗೆ ಬಂದಿರಲಿಲ್ಲ. ಈಗ ನನ್ನ ಹೆಂಡತಿಯ ಅಣ್ಣ ಮುನಿರಾಜನಿಗೆ ಅದನ್ನು ರಿಪೇರಿ ಮಾಡಿಸಿ, ಬೆಂಗಳೂರಿನಲ್ಲಿ ಹಳೇ ಕಾರುಗಳು ಸೇರುವ ಕಡೆ ಒಯ್ದು ನಿಲ್ಲಿಸಬೇಕು ಅಂತ ಆಸೆ. ಅಲ್ಲಿ ಕಾರ್ಖಾನೆಯ ಮೊದಲ ಬಣ್ಣವೇ ಇದ್ದರೆ ಮರ್ಯಾದೆ ಜಾಸ್ತಿ. ಜಗಳ ಹುಟ್ಟಿದ್ದು ಅಲ್ಲೇ.

ಮುನಿರಾಜ ಕೆಂಪು ಅಂದ. "ನಾನು ಹಾಸ್ಟೆಲಿಂದ ಬಂದಾಗ ನೋಡಿದ್ದೇ ಕೆಂಪು. ಅಮ್ಮನೂ ಕೆಂಪು ಅಂತಾಳೆ. ಇನ್ನೇನ್ ಬೇಕು?" ನನ್ನ ಹೆಂಡತಿ ಸುಜಾತ ನೀಲಿ ಅಂದಳು. ಅವಳ ಕತೆಯೇ ಬೇರೆ. ಕಾರು ತಂದ ಹೊಸದರಲ್ಲಿ ಮಾವನವರು ಅತ್ತೆಗೆ ಹೆದರಿ ಅದನ್ನು ತೋಟದಾಚೆ ಪಂಪ್‌ಹೌಸಿನ ಮಗ್ಗುಲಲ್ಲಿ ತೆಂಗಿನ ಗರಿ ಮುಚ್ಚಿ ಬಚ್ಚಿಟ್ಟಿದ್ದರಂತೆ. ಪುಟ್ಟ ಹುಡುಗಿ ಇವಳನ್ನೊಬ್ಬಳನ್ನೇ ಹೆಗಲ ಮೇಲೆ ಕೂರಿಸಿಕೊಂಡು ಹೋಗಿ, ಗರಿ ಸರಿಸಿ ತೋರಿಸಿ, "ಅಮ್ಮಂಗೆ ಹೇಳ್ಬಾರ್ದು ಕಣವ್ವ" ಅಂದರಂತೆ. ಆಮೇಲೆ ಅತ್ತೆಯನ್ನು ಒಲಿಸಿಕೊಳ್ಳಲು ಅವರಿಗೆ ಇಷ್ಟದ ಕುಂಕುಮದ ಕೆಂಪು ಹೊಡೆಸಿ ಮನೆಗೆ ತಂದರಂತೆ. ಇದನ್ನು ಇವಳು ಚಿಕ್ಕಂದಿನಿಂದ ಹೇಳುತ್ತಲೇ ಬಂದಿದ್ದಾಳೆ, ಮನೆಯವರೆಲ್ಲಾ "ಕನಸು ಕಂಡಿದೀಯ, ಹೋಗೇ" ಅನ್ನುತ್ತಲೇ ಬಂದಿದ್ದಾರೆ. ಕೆಂಪು ಕೆರೆದು ಕೆಳಗಿನ ಬಣ್ಣ ನೋಡೋಣವೆಂದರೆ, ಮುನಿರಾಜ ನಮಗೆ ಹೇಳುವ ಮೊದಲೇ ಪೂರ್ತಿ ಉಜ್ಜಿಸಿ ಮೈಗೆಲ್ಲಾ ಬೂದು ಪ್ರೈಮರ್ ಬಳಿಸಿಬಿಟ್ಟಿದ್ದ. "ಅಪ್ಪ ನನಗೊಬ್ಬಳಿಗೇ ತೋರಿಸಿದ್ದು, ಅದನ್ನೂ ಸುಳ್ಳು ಅಂತೀರಲ್ಲ" ಅಂತ ಸುಜಾತ ಕಣ್ಣಲ್ಲಿ ನೀರು ತಂದುಕೊಂಡಳು. ಪೇಂಟರ್ ಬರುವುದು ಸೋಮವಾರ. ಭಾನುವಾರ ಮುನಿರಾಜ ಫೋನ್ ಮಾಡಿ, "ಭಾವ, ನೀವೇ ಬಂದು ಹೇಳ್ಬಿಡಿ ಗುರು. ನೀವು ಏನಂತೀರೋ ಅದೇ ಬಣ್ಣ" ಅಂದ. ಅಬ್ಬಾ! ಇಷ್ಟು ವರ್ಷದಲ್ಲಿ ಮೊದಲ ಸಲ ಹೆಂಡತಿಯ ತವರಿನವರು ನನ್ನ ವಿದ್ಯೆಗೆ ಬೆಲೆ ಕೊಟ್ಟಿದ್ದರು. ನಾನು ತಿಂಡಿಯನ್ನೂ ತಿನ್ನದೆ ಹೊರಟೆ. ಸುಜಾತ ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಒಂದೇ ಮಾತು: "ಸರಿಯಾಗಿ ನೋಡ್ರೀ."

ಬಾನೆಟ್ಟು ಎತ್ತಿದರು. ತಗಡು ಇತ್ತು! ಅದರ ಮೇಲೆ ಕೆಂಪಗೆ, ಅರಿಸಿನ ಬಣ್ಣಕ್ಕೆ ಏನೋ ದಪ್ಪಗೆ ಕಟ್ಟಿಕೊಂಡಿತ್ತು. ತುಕ್ಕು ಅಂದುಕೊಂಡೆ. ಮುನಿರಾಜ ಒದ್ದೆ ಬಟ್ಟೆ ತಂದ. "ಮುಟ್ಟಬೇಡ ಕಣೋ!" ಅಂತ ಕೂಗಿಬಿಟ್ಟೆ. ಹಳೇ ತಗಡನ್ನು ತೊಳೆಯಬಾರದು, ಉಬ್ಬಿದ ಅಕ್ಷರದ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಬೇಕು. ನಮ್ಮ ಹುಚ್ಚರ ಪಂಗಡದ ಶಾಸ್ತ್ರ ಹಾಗೆ. ಉಜ್ಜಿದೆ. ಒಂದೊಂದೇ ಅಕ್ಷರ ಕಾಗದದ ಮೇಲೆ ಮೂಡುತ್ತಿದ್ದ ಹಾಗೆ ನನಗೆ ಮೈಯೆಲ್ಲಾ ಜುಮ್ ಅಂತು. "ಬಲಗಡೆ ಸ್ಟೇರಿಂಗ್! ಎರಡು ಕಾರ್ಬುರೇಟರ್! ಹೀಟರ್!" ಅಂತ ಕೂಗುತ್ತಾ ಹೋದೆ. ಕುಂದಾಣದ ಬಿಸಿಲಿಗೆ ಹೀಟರ್! ಹಿಂದೆ ಹಿಮದಲ್ಲಿ ಜಾರುವ ಹಲಗೆ ಕಟ್ಟಲು ಕಂಬಿ ಬೇರೆ. ಮಾವನವರು ಅದಕ್ಕೆ ದ್ರಾಕ್ಷಿ ಕ್ರೇಟು ಕಟ್ಟುತ್ತಿದ್ದರಂತೆ. ಕೊನೆಗೆ ಬಣ್ಣದ ಸಾಲು. ಒಂದು, ಎಂಟು. ಹದಿನೆಂಟು. ಫೋನಿನಲ್ಲಿ ಪಟ್ಟಿ ತೆರೆದೆ. ಹದಿನೆಂಟು ಅಂದರೆ ಕೆಂಪು.

"ಕೆಂಪು!" ಅಂತ ನಾನು ಕುಣಿದೇಬಿಟ್ಟೆ. ಮುನಿರಾಜ ನನ್ನನ್ನು ತಬ್ಬಿಕೊಂಡ. ಪೇಂಟರಿಗೆ ಫೋನೂ ಆಯಿತು. ಸುಜಾತ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಹೋಗಿದ್ದು ನನಗೆ ಕಾಣಿಸಿತು, ಆದರೆ ನಾನಾಗ ಫೋನಿನಲ್ಲಿ ನಮ್ಮ ಹುಚ್ಚರ ಗುಂಪಿಗೆ ಹೀಟರಿನ ಸಂಗತಿ ಬರೆದು ಕಳಿಸುತ್ತಿದ್ದೆ.

ಅಷ್ಟರಲ್ಲಿ ನಮ್ಮ ಅತ್ತೆ, ಮಾಮೂಲಿನಂತೆ ಎಲೆಯಡಿಕೆ ಹಾಕಿಕೊಂಡು, ಏನು ಗಲಾಟೆ ಅಂತ ನೋಡಲು ಶೆಡ್ಡಿಗೆ ಬಂದರು. ಕಾಗದ ನೋಡಿದರು, ತಗಡು ನೋಡಿದರು. "ಅಯ್ಯೋ, ಪೂಜೆ ಮಾಡಿರೋದ್ರ ಮೇಲೇ ಉಜ್ಜಿದ್ರಾ? ನಿಮ್ಮ ಮಾವ ಈ ತಗಡೇ ಕಾರಿನ ಹೆಸರು ಅಂದಿದ್ರು. ಅದಕ್ಕೇ ಪ್ರತಿ ಆಯುಧಪೂಜೆಗೂ ಗಂಧ, ಅರಿಸಿನ, ಕುಂಕುಮ ಎಲ್ಲಾ ಇದಕ್ಕೇ ಇಡ್ತೀನಿ. ಗಾಜಿಗೆ ಇಟ್ರೆ ಒರೆಸಿಬಿಡ್ತಾರೆ" ಅಂದರು. ತುಕ್ಕಲ್ಲ! ವರ್ಷವರ್ಷದ ಗಂಧ, ಪದರದ ಮೇಲೆ ಪದರ, ಒಣಗಿ ಕಲ್ಲಾಗಿತ್ತು. ನಾನು ತಡೆಯುವ ಮೊದಲೇ ಅತ್ತೆ ಹುಣಿಸೆಹಣ್ಣು ತರಿಸಿ, ದೇವರ ದೀಪ ತಿಕ್ಕುವ ಹಾಗೆ ಆ ತಗಡನ್ನು ತಿಕ್ಕಿ ನೀರು ಸುರಿದರು. ಎಂಟರ ಎಡಗಡೆ ಕರಗಿ ಹರಿದುಹೋಯಿತು. ಉಳಿದದ್ದು ಮೂರು. ಹದಿಮೂರು. ಮತ್ತೆ ಪಟ್ಟಿ ನೋಡಿದೆ. ಹದಿಮೂರು ಅಂದರೆ ನೀಲಿ! ಕಡು ನೀಲಿ!

ಅಡುಗೆಮನೆಗೆ ಓಡಿದೆ. ಸುಜಾತ ಅವರೆಕಾಳು ಹಿಚುಕುತ್ತಾ ಕೂತಿದ್ದಳು. "ನೀಲಿ ಕಣೇ! ನೀಲಿ! ನಿಮ್ಮಪ್ಪ ನಿಂಗೆ ತೋರಿಸಿದ್ದು ನಿಜ!" ಅಂದೆ. ಅವಳು ತಲೆಯೆತ್ತಲಿಲ್ಲ. "ನಂಗೂ ಈಚೀಚೆಗೆ ಅನುಮಾನ ಬಂದಿತ್ತು ರೀ. ಕನಸೇ ಇರ್ಬೇಕು ಅಂತ" ಅಂದವಳು ಜೋರಾಗಿ ಅತ್ತುಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಮುನಿರಾಜ, "ತಪ್ಪಾಯ್ತು ಕಣೇ" ಅಂತ ಹೇಳಿ ಮತ್ತೆ ಪೇಂಟರಿಗೆ ಫೋನ್ ಹಚ್ಚಿದ. ಅತ್ತೆ ಮಾತ್ರ, "ನಂಗೆ ಗೊತ್ತಾಗ್ದಂಗೆ ಪಂಪ್‌ಹೌಸಲ್ಲಿ ಇಟ್ಟಿದ್ರಾ ಆ ಮಹಾರಾಯ್ರು?" ಅಂತ ಫೋಟೋದಲ್ಲಿದ್ದ ಮಾವನವರನ್ನು ಸಂಜೆಯವರೆಗೂ ತರಾಟೆಗೆ ತೆಗೆದುಕೊಂಡರು.

ಕಾರು ಈಗ ಕಡು ನೀಲಿಯಾಗಿ ಫಳಫಳ ಹೊಳೆಯುತ್ತಿದೆ. ಮೊದಲ ಸವಾರಿ ಸುಜಾತಳದ್ದೇ. ಅಣ್ಣ ಓಡಿಸಿದ, ಇವಳು ಪಕ್ಕದಲ್ಲಿ ಕೂತಳು. ಸೀಟು ಎರಡೇ ಆದ್ದರಿಂದ ನಾನು ಹಿಂದೆ ಧೂಳು ಕುಡಿಯುತ್ತಾ ಸ್ಕೂಟರಿನಲ್ಲಿ ಹೋದೆ. ಅದಿರಲಿ. ತೊಂದರೆ ಇರುವುದು ನಮ್ಮ ಮನೆಯಲ್ಲಿ. ಅಲ್ಲಿ ಈಗ ವಾದ ಅನ್ನುವುದೇ ನಿಂತುಹೋಗಿದೆ. ಗ್ಯಾಸ್ ಆಫ್ ಮಾಡಿದ್ದು ಯಾರು, ಮನೆ ಬೀಗದ ಕೈ ಕಳೆದದ್ದು ಯಾರು, ನಮ್ಮ ಅಕ್ಕನ ಗೃಹಪ್ರವೇಶಕ್ಕೆ ಕರೆದಿದ್ದರೋ ಇಲ್ಲವೋ, ಯಾವುದಕ್ಕೆ ನಾನು ಬಾಯಿ ತೆಗೆದರೂ ಸುಜಾತ ನನ್ನನ್ನು ಒಮ್ಮೆ ನೋಡಿ "ನೀಲಿ" ಅನ್ನುತ್ತಾಳೆ, ಅಷ್ಟೇ. ಮೊನ್ನೆ ಊಟಕ್ಕೆ ಕೂತಾಗ ಸೊಪ್ಪಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿದೆ ಅಂತ ನಾನು ಖಂಡಿತವಾಗಿ ಹೇಳಬಲ್ಲವನಾಗಿದ್ದೆ. ಹೇಳಿದೆ ಕೂಡ.

"ನೀಲಿ" ಅಂದಳು. ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.