ಎತ್ತಿನ ನೆರಳಿನಲ್ಲಿ ಕರೆವ್ವ ಕುಳಿತ ಬಗ್ಗೆ

ಸಂಖ್ಯೆ: ಸಪಕೋ/ನೆರಳು/17/2024-25
ಬ್ಯಾಡಗಿ, ದಿನಾಂಕ: 11-03-2025

ವಿಷಯ: ಪ್ರಾಣಿಗಳಿಗೆ ಮನುಷ್ಯರಷ್ಟೇ ಪರಿಗಣನೆ ನೀಡಿದ ಮೇಲೆ ಮನುಷ್ಯರೂ ಅದನ್ನೇ ಕೇಳುತ್ತಿರುವ ಕುರಿತು.

ಉಲ್ಲೇಖ: 1. ಈ ಕಚೇರಿಯ ಸಮಾನತಾ ಆದೇಶ. 2. ಕರೆವ್ವ ಅವರ ಹೇಳಿಕೆ (ನಿಂತೇ ನೀಡಿದ್ದು).

ಮೆಣಸಿನಕಾಯಿ ಪೇಟೆಗೆ ಬರುವ ಬಂಡಿ ಎತ್ತುಗಳಿಗೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ವಿರಾಮ, ತಗಡಿನ ನೆರಳು ಹಾಗೂ ನೀರಿನ ತೊಟ್ಟಿ ಒದಗಿಸಲಾಗಿದೆ. ಬಿಸಿಲು ಎತ್ತಿಗೂ ಬಿಸಿಲೇ ಎಂಬುದನ್ನು ಇಲಾಖೆಯು ತಡವಾಗಿಯಾದರೂ ಮನಗಂಡಿದೆ. ಹೀಗಿರುವಾಗ, ಮೋಟೆಬೆನ್ನೂರಿನಿಂದ ದಿನವೂ ಬಂದು ಮೆಣಸಿನಕಾಯಿ ತೊಟ್ಟು ಬಿಡಿಸುವ ಅರವತ್ತೆರಡು ವರ್ಷದ ಕರೆವ್ವ ಅವರು ನಿನ್ನೆ ಸದರಿ ನೆರಳಿನಲ್ಲಿ, ಕಾಸೀಮಸಾಬರ ಎತ್ತಿನ ಪಕ್ಕ ಬುತ್ತಿ ಬಿಚ್ಚಿ ಕುಳಿತಿದ್ದು ಕಂಡುಬಂದಿರುತ್ತದೆ. ಎಬ್ಬಿಸಲಾಗಿ, ಅವರು ಹೇಳಿದ್ದು:

“ಸಾಹೇಬ್ರ, ಎತ್ತಿಗೆ ನೆರಳ ಕೊಟ್ರಿ, ಭಾಳ ಚಲೋ ಆತು. ನಾಕ ಕಾಲ ಇಲ್ಲಂತ ನನ್ನ ಬಿಸಿಲಾಗ ನಿಂದ್ರಸ್ತೀರೇನ್ರಿ?”

ಈ ಪ್ರಶ್ನೆಗೆ ಕಡತದಲ್ಲಿ ಉತ್ತರ ದೊರೆಯದ ಕಾರಣ, ಸಂಬಂಧಪಟ್ಟವರೆಲ್ಲರಿಗೂ ತಿಳಿಸುವುದೇನೆಂದರೆ:

1. ಪ್ರಾಣಿಗಳು ಮನುಷ್ಯರಿಗೆ ಸಮಾನ. ಮನುಷ್ಯರು ಪ್ರಾಣಿಗಳಿಗೆ ಸಮಾನರೆಂದು ಆದೇಶದಲ್ಲಿ ಎಲ್ಲಿಯೂ ನಮೂದಿಸಿರುವುದಿಲ್ಲ.

2. ನೆರಳು ಬಯಸುವ ಮನುಷ್ಯರು ಪಶುವೈದ್ಯರಿಂದ ಹಲ್ಲು ಎಣಿಸಿಕೊಂಡು ವಯಸ್ಸಿನ ದೃಢೀಕರಣ ತರತಕ್ಕದ್ದು. ಕರೆವ್ವ ಅವರಿಗೆ ಉಳಿದಿರುವುದು ನಾಲ್ಕೇ ಹಲ್ಲು. ದನಗಳ ಲೆಕ್ಕದಲ್ಲಿ ನಾಲ್ಕು ಹಲ್ಲೆಂದರೆ ಮೂರು ವರ್ಷದ ಪ್ರಾಯವಾದ್ದರಿಂದ, ಅವರು ದುಡಿಮೆಗೆ ತಕ್ಕವರೆಂದು ತೀರ್ಮಾನಿಸಿ ವಿರಾಮ ನಿರಾಕರಿಸಲಾಗಿದೆ.

3. ತೊಟ್ಟಿಯ ನೀರನ್ನು ಬೊಗಸೆಯಲ್ಲಿ ಕುಡಿಯುವಂತಿಲ್ಲ. ಮೂತಿಯಿಟ್ಟು ಕುಡಿದಲ್ಲಿ ಆಕ್ಷೇಪಣೆ ಇರುವುದಿಲ್ಲ.

4. ಮೆಣಸಿನಕಾಯಿಯ ಘಾಟಿಗೆ ಎತ್ತು ಸೀನಿದರೆ ಪಂಚನಾಮೆ ಮಾಡುವುದು. ಮನುಷ್ಯರು ಸೀನಿದರೆ ಪೇಟೆಯ ವಾಡಿಕೆಯೆಂದು ಭಾವಿಸುವುದು.

5. ಕರೆವ್ವ ಅವರನ್ನು ಕಂಡೊಡನೆ ಸದರಿ ಎತ್ತು ಎದ್ದು, ಪಕ್ಕಕ್ಕೆ ಸರಿದು, ಅರ್ಧ ನೆರಳನ್ನು ಬಿಟ್ಟುಕೊಟ್ಟಿರುತ್ತದೆ. ಮೇಲಧಿಕಾರಿಗಳ ಅನುಮತಿಯಿಲ್ಲದೆ ಸಮಾನ ಪರಿಗಣನೆ ನೀಡಿದ್ದಕ್ಕಾಗಿ ಎತ್ತಿಗೆ ನೋಟಿಸು ಜಾರಿ ಮಾಡಲಾಗಿದೆ. ಮೂರು ದಿನದೊಳಗೆ ಉತ್ತರಿಸದಿದ್ದಲ್ಲಿ ತಪ್ಪೊಪ್ಪಿಕೊಂಡಿದೆ ಎಂದು ತಿಳಿಯಲಾಗುವುದು.

6. ಕರೆವ್ವ ಅವರು ಬುತ್ತಿ ಕಟ್ಟಿಕೊಂಡು ಬಿಸಿಲಿಗೆ ಹೋಗಿದ್ದಾರೆ. ಅದನ್ನು ನೋಡಿ ಈ ಕಚೇರಿಗೆ ನಾಚಿಕೆಯಾಗಿದೆ. ನಾಚಿಕೆಗೆ ನಿಗದಿತ ನಮೂನೆ ಇಲ್ಲದ್ದರಿಂದ ದಾಖಲಿಸಿರುವುದಿಲ್ಲ.

(ಸಹಿ ಇದೆ)
ಪ್ರಭುಲಿಂಗಪ್ಪ
ಪ್ರಭಾರ ಅಧೀಕ್ಷಕರು, ಸಮಾನ ಪರಿಗಣನಾ ಕೋಶ

ಪ್ರತಿಗಳು:
– ಹಾವೇರಿ, ರಾಣೆಬೆನ್ನೂರು ಶಾಖೆಗಳಿಗೆ: ನೆರಳಿದ್ದಲ್ಲಿ ಜಾರಿಗೆ, ಇಲ್ಲದಿದ್ದಲ್ಲಿ ಮಾಹಿತಿಗೆ.
– ಎತ್ತಿಗೆ: ಮಾಲೀಕ ಕಾಸೀಮಸಾಬರ ಮೂಲಕ, ಓದಿ ಹೇಳಿ, ಗೊರಸಿನ ಗುರುತು ಪಡೆಯಲು.
– ಕರೆವ್ವ ಅವರಿಗೆ: ಪ್ರತ್ಯೇಕ ಪ್ರತಿ ಇಲ್ಲ. ಎತ್ತು ಒಪ್ಪಿದಲ್ಲಿ ಅದರ ಪ್ರತಿಯನ್ನೇ ನೋಡಿಕೊಳ್ಳುವುದು.